ಸುಣ್ಣ ಹೊರಗೆ, ರಂಜಕ ಒಳಗೆ

ರನ್ನ ಬೆಳಗಲಿಗೆ ಹೋಗುವವರು ಬಹುಮಟ್ಟಿಗೆ ಕವಿಯ ನೆನಪಿನಿಂದಲೇ ಹೋಗುತ್ತಾರೆ. ನಾನೂ ಹಾಗೆ ಹೋದವನೇ. ಆದರೆ ನನ್ನ ತಲೆಯಲ್ಲಿ ಉಳಿದದ್ದು ಕಬ್ಬಿನ ಹೊಲದ ಬದುವಿನಲ್ಲಿ ಸಿಕ್ಕ ರೈತರೊಬ್ಬರ ಮಾತು: "ಡಿ.ಎ.ಪಿ. ಎಷ್ಟ್ ಹಾಕಿದ್ರೂ ಈ ಎರಿ ಮಣ್ಣು ನುಂಗಿಬಿಡತೈತ್ರಿ."

ಮಾತು ನಿಜ. ಆ ಗೊಬ್ಬರದಲ್ಲಿರುವುದು ರಂಜಕದ ಲವಣ, ಫಾಸ್ಫೇಟು. ಎರೆ ನೆಲದಲ್ಲಿ ಸುಣ್ಣ ಹೆಚ್ಚು. ಸುಣ್ಣದ ಕ್ಯಾಲ್ಸಿಯಮ್ಮಿನೊಡನೆ ಫಾಸ್ಫೇಟು ಕೂಡಿದರೆ ನೀರಿನಲ್ಲಿ ಕರಗದೆ ಗಟ್ಟಿಯಾಗುತ್ತದೆ, ಬೇರಿಗೆ ದಕ್ಕುವುದಿಲ್ಲ.

ನಮ್ಮ ಮೈಯಲ್ಲಿಯೂ ಈ ಜೋಡಿಯ ಸ್ವಭಾವ ಇದೇ. ಎಲುಬಿನಲ್ಲಿ ಇವು ಕೂಡಿದರೆ ಬಲ. ರನ್ನನ 'ಗದಾಯುದ್ಧ'ದಲ್ಲಿ ಭೀಮನು ಮುರಿದ ತೊಡೆಯೆಲುಬು ಈ ಕೂಟದಿಂದಾದದ್ದೇ. ಜೀವಕೋಶದೊಳಗೆ ಮಿತಿಮೀರಿ ಕೂಡಿದರೆ ಕೇಡು. ಇದನ್ನು ಮನುಷ್ಯನು ಅರಿತುದೊಂದು ಸ್ವಾರಸ್ಯವಾದ ಇತಿಹಾಸ.

ಲಂಡನ್ನಿನ ವೈದ್ಯ ಸಿಡ್ನಿ ರಿಂಗರ್ ಕಪ್ಪೆಯ ಹೃದಯವನ್ನು ಉಪ್ಪುನೀರಿನಲ್ಲಿ ಮಿಡಿಯಿಸುತ್ತಿದ್ದರು. ಬಟ್ಟಿಯಿಳಿಸಿದ್ದೆಂದು ನಂಬಿದ ನೀರು ನಲ್ಲಿಯ ನೀರಾಗಿತ್ತೆಂದು 1883ರಲ್ಲಿ ತಾವೇ ಒಪ್ಪಿ ಬರೆದರು. ಬಟ್ಟಿಯಿಳಿಸಿದ ನೀರಿನಲ್ಲಿ ಹೃದಯ ಬೇಗನೆ ಸೋತಿತು; ಸುಣ್ಣದ ಲವಣ ಬೆರೆಸಿದಾಗ ಮತ್ತೆ ಮಿಡಿಯಿತು.

ರಂಜಕದ ಅಧ್ಯಾಯದಲ್ಲಿ ನಮ್ಮ ನೆರೆಯವರೊಬ್ಬರಿದ್ದಾರೆ. ಆಂಧ್ರದ ಭೀಮವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾಯರು ಹಾರ್ವರ್ಡಿನಲ್ಲಿ ಸೈರಸ್ ಫಿಸ್ಕೆಯವರೊಡನೆ 1925ರಲ್ಲಿ ರಂಜಕವನ್ನು ಅಳೆಯುವ ವಿಧಾನವನ್ನು ಪ್ರಕಟಿಸಿದರು. 1929ರಲ್ಲಿ ಅವರೂ ಜರ್ಮನಿಯ ಕಾರ್ಲ್ ಲೋಮನ್ನರೂ ಸ್ನಾಯುವಿನಲ್ಲಿ ಎ.ಟಿ.ಪಿ.ಯನ್ನು ಕಂಡರು. ಕೋಶದ ಕೆಲಸವೆಲ್ಲ ನಡೆಯುವುದು ಈ ಫಾಸ್ಫೇಟಿನ ನಾಣ್ಯದಿಂದ. ಸುಬ್ಬರಾಯರಿಗೆ ಅಲ್ಲಿ ಖಾಯಂ ಹುದ್ದೆ ದೊರೆಯಲಿಲ್ಲ. ವಿಧಾನ ಮಾತ್ರ ಅವರ ಹೆಸರಿನಿಂದ ಉಳಿಯಿತು.

ತೊಡಕು ಇಲ್ಲಿಯೇ. ಎರಡೂ ಬೇಕು, ಎರಡೂ ಕೂಡಬಾರದು! ಕೋಶವು ಫಾಸ್ಫೇಟನ್ನು ಒಳಗಿಟ್ಟುಕೊಂಡು ಕ್ಯಾಲ್ಸಿಯಮ್ಮನ್ನು ಹೊರಗೆ ದಬ್ಬುತ್ತದೆ. ಒಳಗಿನ ಬಿಡಿ ಕ್ಯಾಲ್ಸಿಯಂ ಹೊರಗಿನದರ ಸುಮಾರು 10,000ದಲ್ಲಿ ಒಂದು ಪಾಲು. 1966ರಲ್ಲಿ ಹಾನ್ಸ್ ಶಾಟ್ಸ್‌ಮನ್ನರು ಕೆಂಪು ರಕ್ತಕಣದಲ್ಲಿ ಹೀಗೆ ದಬ್ಬುವ ಪಂಪನ್ನು ತೋರಿಸಿದರು. ಅದಕ್ಕೆ ಉರುವಲು ಎ.ಟಿ.ಪಿ.ಯೇ, ಅಂದರೆ ಸುಣ್ಣವನ್ನು ಹೊರಗಿಡುವ ಕಾವಲುಗಾರ ರಂಜಕವೇ. ತಪ್ಪಿ ಒಳಬಂದ ಕ್ಯಾಲ್ಸಿಯಮ್ಮಿನಲ್ಲಿ ಒಂದಿಷ್ಟನ್ನು ಮೈಟೊಕಾಂಡ್ರಿಯಗಳು ಫಾಸ್ಫೇಟಿನೊಡನೆ ಕೂಡಿಸಿ ತಮ್ಮಲ್ಲಿ ತಡೆದಿಡುವುದೂ ಆ ದಶಕದಲ್ಲಿಯೇ ತಿಳಿಯಿತು.

ಒಳಗೆ ಅಷ್ಟು ವಿರಳವಾದ್ದರಿಂದಲೇ ತುಸು ಕ್ಯಾಲ್ಸಿಯಂ ಬಂದರೂ ಅದು ಕರೆಯಾಗುತ್ತದೆ: ಸ್ನಾಯು ಕುಗ್ಗುತ್ತದೆ, ಹೃದಯ ಮಿಡಿಯುತ್ತದೆ. ಉಸಿರು ನಿಂತು ಉರುವಲು ತೀರಿತೋ, ಕಾವಲು ತಪ್ಪಿತು. ಕ್ಯಾಲ್ಸಿಯಂ ನುಗ್ಗುತ್ತದೆ, ಸಡಿಲಿಸಲು ಶಕ್ತಿಯಿಲ್ಲದೆ ಸ್ನಾಯು ಬಿಗಿದುಕೊಳ್ಳುತ್ತದೆ. ಹೆಣ ಸೆಟೆಯುವುದು ಹೀಗೆ.

ಗೊಬ್ಬರವನ್ನು ಹೊಲಕ್ಕೆಲ್ಲ ಎರಚದೆ, ತಿಪ್ಪೆಗೊಬ್ಬರದೊಡನೆ ಬೇರಿನ ಬಳಿ ಸಾಲಾಗಿ ಕೊಟ್ಟರೆ ನೆಲ ನುಂಗುವುದು ಕಡಿಮೆಯೆಂದು ಆ ರೈತರಿಗೆ ಹೇಳಿದೆ.

"ಅಂದ್ರ, ಸುಣ್ಣಕ್ಕ ಸಿಗಧಂಗ ಕೊಡಬೇಕಂತೀರಿ" ಎಂದರು. ಅಷ್ಟೇ ನೋಡಿ, ಜೀವಕೋಶವು ಹುಟ್ಟಿದಂದಿನಿಂದ ಮಾಡುತ್ತಿರುವುದು.