ಗೆದ್ದದ್ದು ಬುದ್ಧಿಯೋ, ಯಂತ್ರಬಲವೋ?

ಚದುರಂಗ ನಮಗೆಲ್ಲ ಪರಿಚಿತ. ಆದರೆ ಚೀನಾ, ಜಪಾನ್, ಕೊರಿಯಾಗಳಲ್ಲಿ ತಲೆತಲಾಂತರದಿಂದ ಗೌರವ ಪಡೆದಿರುವ ಆಟ 'ಗೋ'. ಉದ್ದಕ್ಕೂ ಅಡ್ಡಕ್ಕೂ 19 ಗೆರೆಗಳಿರುವ ಹಲಗೆಯ ಮೇಲೆ ಕಪ್ಪು, ಬಿಳಿ ಕಾಯಿಗಳನ್ನಿಟ್ಟು ಜಾಗವನ್ನು ಸುತ್ತುವರಿಯುವುದು ಇದರ ಗುರಿ. 1997ರಲ್ಲಿ ಡೀಪ್ ಬ್ಲೂ ಕಂಪ್ಯೂಟರ್ ಚದುರಂಗದಲ್ಲಿ ಕ್ಯಾಸ್ಪರೋವ್ ಅವರನ್ನು ಸೋಲಿಸಿದಾಗಲೂ, ಗೋ ಆಟದಲ್ಲಿ ಯಂತ್ರಗಳು ಒಳ್ಳೆಯ ಹವ್ಯಾಸಿಗಳಿಗೂ ಸಮನಾಗಿರಲಿಲ್ಲ.

2006ರ ಸುಮಾರಿಗೆ ಹೊಸ ವಿಧಾನವೊಂದು ಬಂತು. ಫ್ರಾನ್ಸಿನ ರೆಮಿ ಕೂಲೋಂ ಅವರ 'ಕ್ರೇಜಿ ಸ್ಟೋನ್' ಪ್ರೋಗ್ರಾಂ, ಒಂದು ನಡೆಯ ಬೆಲೆ ತಿಳಿಯಲು ಅಲ್ಲಿಂದ ಮುಂದಕ್ಕೆ ಸಾವಿರಾರು ಆಟಗಳನ್ನು ಮನಬಂದಂತೆ ಕೊನೆಯವರೆಗೆ ಆಡಿ, ಗೆಲುವುಗಳನ್ನು ಎಣಿಸುತ್ತಿತ್ತು. ಈ ಕೆಲಸವನ್ನು ಹಂಚಿಕೊಳ್ಳಬಹುದು. ಪರೀಕ್ಷೆಯ ಉತ್ತರಪತ್ರಿಕೆಗಳನ್ನು ಹಲವು ಮೌಲ್ಯಮಾಪಕರು ತಿದ್ದಿ, ಅಂಕಗಳನ್ನು ಒಂದೆಡೆ ಸೇರಿಸುವಂತೆಯೇ ಇದು. ಯಂತ್ರಗಳು ಹೆಚ್ಚಿದಷ್ಟೂ ಆಟ ಬಲವಾಗುತ್ತದೆ. ನ್ಯಾಯದ ಪ್ರಶ್ನೆ ಹುಟ್ಟಿದ್ದೂ ಇಲ್ಲೇ.

2008ರ ಆಗಸ್ಟ್ 7ರಂದು ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ 'ಮೋಗೋ' ಎಂಬ ಫ್ರೆಂಚ್ ಪ್ರೋಗ್ರಾಂ, 9 ಕಾಯಿಗಳನ್ನು ಮೊದಲೇ ಇಟ್ಟುಕೊಳ್ಳುವ ರಿಯಾಯಿತಿ ಪಡೆದು, ವೃತ್ತಿಪರ ಆಟಗಾರ ಕಿಮ್ ಮ್ಯುಂಗ್‌ವಾನ್ ಅವರನ್ನು ಒಂದೂವರೆ ಅಂಕದಿಂದ ಸೋಲಿಸಿತು. ಲೆಕ್ಕ ಮಾಡಿದ ಯಂತ್ರ ಮಾತ್ರ ಸಾಗರದಾಚೆ ಆಮ್‌ಸ್ಟರ್‌ಡ್ಯಾಮ್‌ನಲ್ಲಿತ್ತು: ಹೈಗನ್ಸ್ ಎಂಬ ಸೂಪರ್ ಕಂಪ್ಯೂಟರ್, ಅದರ 800 ಕೋರ್‌ಗಳು! ಒಂದೇ ಕಂಪ್ಯೂಟರನ್ನು ನೆಚ್ಚಿಕೊಂಡ ಬಡ ವಿದ್ಯಾರ್ಥಿಯ ಪ್ರೋಗ್ರಾಂ ಇದರೆದುರು ನಿಲ್ಲುವುದು ಹೇಗೆ? ಯಂತ್ರ ಕಣ್ಣೆದುರು ಇಲ್ಲದಿದ್ದರೆ, ಅದರ ಹಿಂದೆ ಮನುಷ್ಯನ ಕೈವಾಡವಿಲ್ಲವೆಂದು ತೀರ್ಪುಗಾರರು ಖಚಿತಪಡಿಸಿಕೊಳ್ಳುವುದಾದರೂ ಹೇಗೆ?

ನೆರೆಯ ಚದುರಂಗ ಲೋಕ ಇದಕ್ಕೆ ನಿಯಮ ಮಾಡಿ ನೋಡಿತು. 2009ರ ಪ್ಯಾಂಪ್ಲೋನಾ ವಿಶ್ವ ಕಂಪ್ಯೂಟರ್ ಚದುರಂಗ ಸ್ಪರ್ಧೆಯಲ್ಲಿ 8 ಕೋರ್‌ಗಳ ಮಿತಿ ಹಾಕಲಾಯಿತು. ಪ್ರತಿಭಟನೆ ಎದ್ದಿತು. ಮರುವರ್ಷ ಮಿತಿ ತೆಗೆದು, ಎಲ್ಲರಿಗೂ ಸಮಾನ ಯಂತ್ರ ನೀಡುವ ಪ್ರತ್ಯೇಕ ಸ್ಪರ್ಧೆಯನ್ನೂ ಏರ್ಪಡಿಸಿದರು. ನನ್ನ ಮಟ್ಟಿಗೆ ನ್ಯಾಯಕ್ಕೆ ಹತ್ತಿರವಾದ ದಾರಿ ಇದೇ. ನೂರಾರು ಯಂತ್ರಗಳಿಂದ ಒಗ್ಗಟ್ಟಿನ ಕೆಲಸ ತೆಗೆಯುವುದೂ ಒಂದು ವಿದ್ಯೆ, ಅದನ್ನು ಮೋಸವೆನ್ನಲಾಗದು.

ಯಂತ್ರಬಲದ ಪಾಲೆಷ್ಟು ಎಂಬುದಕ್ಕೆ 2016ರಲ್ಲಿ ಆಲ್ಫಾಗೋ ತಂಡವೇ ಲೆಕ್ಕ ಕೊಟ್ಟಿತು. 1202 ಸಿಪಿಯು, 176 ಜಿಪಿಯುಗಳ ಹಂಚಿಕೆಯ ಆವೃತ್ತಿಯು, 48 ಸಿಪಿಯು, 8 ಜಿಪಿಯುಗಳ ಒಂಟಿ ಯಂತ್ರದ ಆವೃತ್ತಿಯೆದುರು ನೂರಕ್ಕೆ 77 ಆಟ ಗೆದ್ದಿತ್ತು. ಇಪ್ಪತ್ತು ಪಟ್ಟಿಗೂ ಮಿಕ್ಕ ಬಲಕ್ಕೆ ಸಿಕ್ಕಿದ್ದು ಅಷ್ಟೇ. ಆ ಒಂಟಿ ಯಂತ್ರವೇ ಇತರ ಪ್ರೋಗ್ರಾಂಗಳೆದುರು 495 ಆಟಗಳಲ್ಲಿ 494 ಗೆದ್ದಿತ್ತು!

2017ರಲ್ಲಿ ಚೀನಾದ ಕೆ ಜೀ ಅವರನ್ನು 3-0ರಿಂದ ಸೋಲಿಸಿದ ಆಲ್ಫಾಗೋ ಓಡಿದ್ದು ಒಂದೇ ಯಂತ್ರದಲ್ಲಿ. ಅಷ್ಟರಲ್ಲಿ ಯಂತ್ರಬಲ ಪಂದ್ಯದ ದಿನದಿಂದ ತರಬೇತಿಯ ದಿನಗಳಿಗೆ ಸರಿದಿತ್ತು; 8 ಕೋರ್‌ಗಳಂಥ ಮಿತಿ ಅಲ್ಲಿಗೆ ತಲುಪುವಂತಿರಲಿಲ್ಲ. ಅದೇ ವರ್ಷ ಬೆಲ್ಜಿಯಂನ ಜಿಯಾನ್-ಕಾರ್ಲೋ ಪಾಸ್ಕುಟ್ಟೊ 'ಲೀಲಾ ಝೀರೋ' ಆರಂಭಿಸಿದರು. ಅದರ ತರಬೇತಿಗೆ ಬೇಕಾದ ಆಟಗಳನ್ನು ಆಡಿಕೊಟ್ಟದ್ದು ಜಗತ್ತಿನ ನಾನಾ ಕಡೆಯ ಸ್ವಯಂಸೇವಕರು, ತಮ್ಮ ತಮ್ಮ ಮನೆಯ ಕಂಪ್ಯೂಟರ್‌ಗಳಲ್ಲಿ.