ಚದುರಿದ ಹಾಳೆಗಳು, ಕೂಡಿದ ವಿದ್ವಾಂಸರು: ಯೆಹೂದಿ ಅಧ್ಯಯನದ ಇನ್ನೂರು ವರ್ಷ

1819ರ ನವೆಂಬರ್ 7ರಂದು ಬರ್ಲಿನ್ ನಗರದಲ್ಲಿ ಏಳು ಮಂದಿ ಯೆಹೂದಿಗಳು ಒಂದೆಡೆ ಸೇರಿ ಒಂದು ಸಂಘವನ್ನು ಕಟ್ಟಿದರು. ಅದೇ ವರ್ಷದ ಆಗಸ್ಟ್ ತಿಂಗಳಿನಿಂದ ಜರ್ಮನಿಯ ಅನೇಕ ಊರುಗಳಲ್ಲಿ ಯೆಹೂದಿಗಳ ಮನೆ ಅಂಗಡಿಗಳ ಮೇಲೆ ಗುಂಪುಗಳು ದಾಳಿ ಮಾಡಿದ್ದವು. ಆ ಗಾಯ ಇನ್ನೂ ಹಸಿಯಾಗಿದ್ದ ಹೊತ್ತಿನಲ್ಲಿ ಈ ವಿದ್ಯಾವಂತರು ಕೇಳಿಕೊಂಡ ಪ್ರಶ್ನೆ ಸರಳವಾಗಿತ್ತು: ನಮ್ಮ ಜನರ ಎರಡು ಸಾವಿರ ವರ್ಷಗಳ ಬರವಣಿಗೆಯನ್ನು ಇತರ ಯಾವುದೇ ಪ್ರಾಚೀನ ಸಾಹಿತ್ಯದಂತೆ ಶಾಸ್ತ್ರೀಯವಾಗಿ ಓದುವವರು ಯಾರು? ಕೆಲಕಾಲಾನಂತರ ಅವರು ತಮ್ಮ ಕೂಟಕ್ಕೆ ಯೆಹೂದಿಗಳ ಸಂಸ್ಕೃತಿ ಮತ್ತು ಶಾಸ್ತ್ರಾಧ್ಯಯನದ ಸಂಘ ಎಂದು ಹೆಸರಿಟ್ಟರು. ಇಂದು ಜಗತ್ತಿನ ಅನೇಕ ವಿಶ್ವವಿದ್ಯಾಲಯಗಳಲ್ಲಿ ಯೆಹೂದಿ ಅಧ್ಯಯನ ಎಂದು ಕರೆಯಲಾಗುವ ಜ್ಞಾನಶಾಖೆಯ ಮೂಲ ಈ ಪುಟ್ಟ ಕೂಟದಲ್ಲಿದೆ.

ಹೀಬ್ರೂ ಭಾಷೆ ಯೂರೋಪಿನ ವಿಶ್ವವಿದ್ಯಾಲಯಗಳಿಗೆ ಅಪರಿಚಿತವಾಗಿರಲಿಲ್ಲ. ಆದರೆ ಅಲ್ಲಿ ಅದು ಕ್ರೈಸ್ತ ದೇವತಾಶಾಸ್ತ್ರದ ಪರಿಚಾರಿಕೆಯಾಗಿತ್ತು. ಬೈಬಲಿನ ಪೂರ್ವಭಾಗವನ್ನು ಅರ್ಥೈಸಲು ಬೇಕಾದಷ್ಟನ್ನೇ ಕಲಿಸುತ್ತಿದ್ದರು. ಅನಂತರದ ಶತಮಾನಗಳಲ್ಲಿ ಯೆಹೂದಿಗಳು ರಚಿಸಿದ ಧರ್ಮಸಂಹಿತೆ, ಕಾವ್ಯ, ವ್ಯಾಕರಣ, ಖಗೋಳ, ವೈದ್ಯ, ಪ್ರವಾಸಕಥನಗಳ ಅಪಾರ ರಾಶಿಯತ್ತ ಆಸ್ಥೆಯಿಂದ ಕಣ್ಣೆತ್ತಿ ನೋಡುವವರು ವಿರಳ. ಲಿಯೊಪೋಲ್ಡ್ ತ್ಸುನ್ಸ್ ಎಂಬ ಇಪ್ಪತ್ತಮೂರರ ತರುಣ 1818ರಲ್ಲಿಯೇ ಒಂದು ಕಿರುಹೊತ್ತಗೆಯಲ್ಲಿ ಈ ಕೊರತೆಯನ್ನು ಎತ್ತಿ ತೋರಿಸಿದ್ದ. 1822-23ರಲ್ಲಿ ಸಂಘದ ಪತ್ರಿಕೆಯನ್ನು ಆತನೇ ಸಂಪಾದಿಸಿದ. ಹೊರಬಂದದ್ದು ಮೂರೇ ಸಂಚಿಕೆ. 1824ರ ಹೊತ್ತಿಗೆ ಸಂಘವೂ ಮುಚ್ಚಿತು.

ಸಂಘದ ಸೋಲಿಗೆ ಕಾರಣ ಹಣದ ಅಭಾವವೊಂದೇ ಅಲ್ಲ. ಯೆಹೂದಿಗಳು ಅಧ್ಯಾಪಕ ಹುದ್ದೆಗೆ ಅರ್ಹರಲ್ಲವೆಂದು ಪ್ರಷ್ಯಾದ ಅರಸು 1822ರಲ್ಲಿ ಆಜ್ಞೆ ಹೊರಡಿಸಿದ. ಸಂಘದ ಮುಂದಾಳು ಎಡ್ವರ್ಡ್ ಗಾನ್ಸ್ ಪ್ರಕಾಂಡ ನ್ಯಾಯಶಾಸ್ತ್ರಜ್ಞ. 1825ರಲ್ಲಿ ಆತ ಕ್ರೈಸ್ತದೀಕ್ಷೆ ಪಡೆದ, ಮರುವರ್ಷ ಬರ್ಲಿನ್ನಿನಲ್ಲಿ ಪ್ರಾಧ್ಯಾಪಕನಾದ. ಸಂಘದ ಸದಸ್ಯನಾಗಿದ್ದ ಕವಿ ಹೈನ್ರಿಷ್ ಹೈನೆಯೂ ಅದೇ 1825ರಲ್ಲಿ ಮತಾಂತರಗೊಂಡ. ತ್ಸುನ್ಸ್ ಮಾತ್ರ ಕದಲಲಿಲ್ಲ. ಪತ್ರಿಕಾ ಕಚೇರಿಯಲ್ಲಿಯೂ ಶಾಲೆಯಲ್ಲಿಯೂ ದುಡಿದು ಹೊಟ್ಟೆ ಹೊರೆಯುತ್ತ, ಉಳಿದ ವೇಳೆಯಲ್ಲಿ ಸಂಶೋಧನೆ ನಡೆಸಿದ. ಪ್ರಾರ್ಥನಾಮಂದಿರಗಳಲ್ಲಿ ಜರ್ಮನ್ ಭಾಷೆಯ ಉಪದೇಶವನ್ನು ಸರ್ಕಾರ ನಿಷೇಧಿಸಿದ್ದ ಕಾಲದಲ್ಲಿ, ಉಪದೇಶವೆಂಬುದು ಯೆಹೂದಿ ಪರಂಪರೆಯಲ್ಲಿ ಅತಿ ಪ್ರಾಚೀನವೆಂದು ಆಕರಗಳಿಂದ ಸಿದ್ಧಪಡಿಸುವ ಗ್ರಂಥವನ್ನು 1832ರಲ್ಲಿ ಪ್ರಕಟಿಸಿದ. ಪಾಂಡಿತ್ಯವೇ ಆತನಿಗೆ ಹಕ್ಕಿನ ಪ್ರತಿಪಾದನೆಯೂ ಆಗಿತ್ತು. 1848ರಲ್ಲಿ, ಬರ್ಲಿನ್ ವಿಶ್ವವಿದ್ಯಾಲಯದಲ್ಲಿ ಯೆಹೂದಿ ಚರಿತ್ರೆ ಹಾಗೂ ಸಾಹಿತ್ಯಕ್ಕೆ ಒಂದು ಪೀಠ ಸ್ಥಾಪಿಸಬೇಕೆಂದು ಸರ್ಕಾರಕ್ಕೆ ಮನವಿ ಸಲ್ಲಿಸಿದ. ಮನವಿ ತಿರಸ್ಕೃತವಾಯಿತು.

ಈ ನಿರಾಕರಣೆಯೇ ಮುಂದಿನ ನೂರು ವರ್ಷಗಳ ದಾರಿಯನ್ನು ನಿರ್ಧರಿಸಿತು. ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿದ್ದರಿಂದ ಗ್ರಂಥಸೂಚಿ, ಪತ್ರಿಕೆ, ವಿದ್ಯಾಲಯ, ವಿದ್ವತ್ಸಭೆ ಎಲ್ಲವನ್ನೂ ಈ ವಿದ್ವಾಂಸರು ತಾವೇ ಕಟ್ಟಿಕೊಳ್ಳಬೇಕಾಯಿತು. ಜಕಾರಿಯಸ್ ಫ್ರಾಂಕೆಲ್ 1851ರಲ್ಲಿ ಒಂದು ಮಾಸಪತ್ರಿಕೆಯನ್ನು ಆರಂಭಿಸಿದ. ವರ್ತಕನೊಬ್ಬನ ಮರಣಶಾಸನದಿಂದ ದೊರೆತ ಧನದಲ್ಲಿ 1854ರಲ್ಲಿ ಬ್ರೆಸ್ಲಾವ್ ಪಟ್ಟಣದಲ್ಲಿ ತೆರೆದ ವಿದ್ಯಾಲಯಕ್ಕೆ ಆತನೇ ಮುಖ್ಯಸ್ಥನಾದ. ಹನ್ನೊಂದು ಸಂಪುಟಗಳ ಯೆಹೂದಿ ಚರಿತ್ರೆಯನ್ನು ಬರೆದ ಹೈನ್ರಿಷ್ ಗ್ರೆಟ್ಸ್ ಅಲ್ಲಿಯ ಅಧ್ಯಾಪಕ. 1880ರಲ್ಲಿ ಪ್ಯಾರಿಸ್ಸಿನಲ್ಲಿ ಯೆಹೂದಿ ಅಧ್ಯಯನದ ಸಂಘವೂ ಅದರ ಪತ್ರಿಕೆಯೂ ಹುಟ್ಟಿದವು. ಆ ದಶಕ ಮುಗಿಯುವುದರೊಳಗೆ ಲಂಡನ್ನಿನಲ್ಲಿ ಇಂಗ್ಲಿಷಿನ ತ್ರೈಮಾಸಿಕವೊಂದು ಆರಂಭವಾಯಿತು. ನ್ಯೂಯಾರ್ಕಿನಲ್ಲಿ 1901ರಿಂದ 1906ರವರೆಗೆ ಹನ್ನೆರಡು ಸಂಪುಟಗಳ ಯೆಹೂದಿ ವಿಶ್ವಕೋಶ ಹೊರಬಂದಿತು.

ಇವರೆಲ್ಲರ ನಡುವೆ ಮೊರಿಟ್ಸ್ ಶ್ಟೈನ್‌ಶ್ನೈಡರನ ಕೆಲಸ ಕಣ್ಣಿಗೆ ಬೀಳದಂಥದು, ಆದರೆ ಅಡಿಪಾಯದಂಥದು. ಆತ ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದ ಹೀಬ್ರೂ ಮುದ್ರಿತ ಗ್ರಂಥಗಳ ಸೂಚಿಯನ್ನು ಸಿದ್ಧಪಡಿಸಿದ. ಲೈಡನ್, ಮ್ಯೂನಿಕ್, ಹ್ಯಾಂಬರ್ಗ್, ಬರ್ಲಿನ್ ಗ್ರಂಥಾಲಯಗಳ ಹಸ್ತಪ್ರತಿಗಳನ್ನು ಒಂದೊಂದಾಗಿ ಪರಿಶೀಲಿಸಿ ವಿವರಣಾತ್ಮಕ ಸೂಚಿಗಳನ್ನು ರಚಿಸಿದ. ಯಾವ ಕೃತಿ ಎಲ್ಲಿದೆ ಎಂಬುದೇ ತಿಳಿಯದಿದ್ದರೆ ಅದನ್ನು ಓದುವ ಮಾತೆಲ್ಲಿ? ತಮ್ಮದೆಂಬ ರಾಜ್ಯವಿಲ್ಲದ, ಹಲವು ದೇಶಗಳಲ್ಲಿ ಚದುರಿಹೋದ ಜನಾಂಗಕ್ಕೆ ರಾಜರ ಭಂಡಾರವೂ ಇರಲಿಲ್ಲ, ಶಾಸನಗಳ ಸಾಲೂ ಇರಲಿಲ್ಲ. ಸೂಚಿಗ್ರಂಥವೇ ಅವರ ಭೂಪಟವಾಯಿತು.

ಆ ಭೂಪಟವನ್ನು ಹಠಾತ್ತನೆ ಹಿಗ್ಗಿಸಿದ್ದು ಕೈರೋ ನಗರದ ಒಂದು ಹಳೆಯ ಕೋಣೆ. ದೇವರ ಹೆಸರು ಬರೆದಿರಬಹುದಾದ ಹಾಳೆಯನ್ನು ಯೆಹೂದಿಗಳು ಎಸೆಯುವುದಿಲ್ಲ. ಸವೆದ ಕಾಗದಗಳನ್ನು ಒಂದೆಡೆ ತುಂಬಿಡುತ್ತಾರೆ. ಆ ಸ್ಥಳಕ್ಕೆ ಗೆನಿಜಾ ಎಂದು ಹೆಸರು. ಹಳೆಯ ಕೈರೋದ ಬೆನ್ ಎಜ್ರಾ ಪ್ರಾರ್ಥನಾಮಂದಿರದ ಗೆನಿಜಾದಲ್ಲಿ ಸುಮಾರು ಸಾವಿರ ವರ್ಷಗಳ ಕಾಗದ ಬಿದ್ದಿತ್ತು. 1896ರಲ್ಲಿ ಆಗ್ನೆಸ್ ಲೂಯಿಸ್ ಮತ್ತು ಮಾರ್ಗರೆಟ್ ಗಿಬ್ಸನ್ ಎಂಬ ಅವಳಿ ಸೋದರಿಯರು ಪೂರ್ವದೇಶಗಳ ಪ್ರವಾಸದಿಂದ ತಂದ ಹಾಳೆಯೊಂದನ್ನು ಕೇಂಬ್ರಿಜ್ಜಿನ ಸಾಲಮನ್ ಷೆಖ್ಟರ್ ಅವರಿಗೆ ತೋರಿಸಿದರು. ಶತಮಾನಗಳಿಂದ ಲುಪ್ತವಾಗಿದ್ದ ಬೆನ್ ಸಿರಾ ನೀತಿಗ್ರಂಥದ ಹೀಬ್ರೂ ಪಾಠ ಅದೆಂದು ಅವರು ಗುರುತಿಸಿದರು. ಆ ವರ್ಷದ ಕೊನೆಗೆ ಕೈರೋಗೆ ಹೋದ ಷೆಖ್ಟರ್ ಧೂಳಿನಲ್ಲಿ ವಾರಗಟ್ಟಲೆ ದುಡಿದು ತಂದ ತುಣುಕುಗಳು ಇಂದಿನ ಎಣಿಕೆಯಂತೆ ಸುಮಾರು 1,93,000. ಆದರೆ ಅವರಿಗಿಂತ ಮೊದಲೂ ಅನಂತರವೂ ಅನೇಕ ಹಾಳೆಗಳು ಬೇರೆ ಬೇರೆ ಕೈಗಳಿಗೆ ಸೇರಿದ್ದವು. ಒಂದೇ ಪತ್ರದ ಮೇಲಿನ ಅರ್ಧ ಒಂದು ದೇಶದಲ್ಲಿ, ಕೆಳಗಿನ ಅರ್ಧ ಇನ್ನೊಂದು ದೇಶದಲ್ಲಿ ಉಳಿಯುವಂತಾಯಿತು. ಆಕ್ಸ್‌ಫರ್ಡ್, ನ್ಯೂಯಾರ್ಕ್, ಸೇಂಟ್ ಪೀಟರ್ಸ್‌ಬರ್ಗ್, ಬುಡಾಪೆಸ್ಟ್ ನಗರಗಳ ಸಂಗ್ರಹಗಳನ್ನೂ ಕೂಡಿಸಿ ನೋಡದೆ ಗೆನಿಜಾ ಅರ್ಥವಾಗದು.

ಇಪ್ಪತ್ತನೆಯ ಶತಮಾನದ ಮೂರನೆಯ ದಶಕದಲ್ಲಿ ಮುಚ್ಚಿದ್ದ ಬಾಗಿಲುಗಳು ತೆರೆಯತೊಡಗಿದವು. 1925ರಲ್ಲಿ ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯ ಉದ್ಘಾಟನೆಗೊಂಡಿತು. ಅದೇ ವರ್ಷ ಹಾರ್ವರ್ಡಿನಲ್ಲಿ ಹ್ಯಾರಿ ವುಲ್ಫ್‌ಸನ್ ಯೆಹೂದಿ ಸಾಹಿತ್ಯ ಮತ್ತು ತತ್ತ್ವಶಾಸ್ತ್ರದ ಪೀಠವನ್ನೇರಿದರು. 1930ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಯೆಹೂದಿ ಚರಿತ್ರೆಯ ಪೀಠಕ್ಕೆ ಸಾಲೋ ಬರೋನ್ ಬಂದರು. ಪೂರ್ವ ಯೂರೋಪಿನ ವಿಲ್ನಾ ನಗರದಲ್ಲಿ 1925ರಲ್ಲಿಯೇ ಯೀವೊ ಎಂಬ ಸಂಶೋಧನಾಲಯ ಹುಟ್ಟಿತು. ಮಾಕ್ಸ್ ವೈನ್‌ರೈಖ್ ಅದರ ಚೇತನ. ಪಂಡಿತರ ಗ್ರಂಥಗಳಷ್ಟೇ ಅಲ್ಲ, ಜನಸಾಮಾನ್ಯರ ಯಿಡ್ಡಿಷ್ ಭಾಷೆಯ ಹಾಡು, ಗಾದೆ, ನಾಟಕದ ಜಾಹೀರಾತು, ಕಾಗದಪತ್ರ, ಆತ್ಮಕಥನಗಳೂ ಚರಿತ್ರೆಯ ಆಕರವೆಂದು ಆ ಸಂಸ್ಥೆ ನಂಬಿತು. ಊರೂರುಗಳ ಸ್ವಯಂಸೇವಕರಿಂದ ಅವನ್ನು ತರಿಸಿಕೊಂಡು ಕೂಡಿಟ್ಟಿತು.

ಅನಂತರ ಬಂದದ್ದು ಪ್ರಳಯ. 1938ರ ನವೆಂಬರಿನಲ್ಲಿ ಬ್ರೆಸ್ಲಾವ್ ವಿದ್ಯಾಲಯ ಧ್ವಂಸವಾಯಿತು. ಫ್ರಾಂಕೆಲ್ ಆರಂಭಿಸಿದ ಮಾಸಪತ್ರಿಕೆಯ ಕೊನೆಯ ಸಂಪುಟ 1939ರಲ್ಲಿ ಅಚ್ಚಾದೊಡನೆ ನಾಜಿ ಪೊಲೀಸರ ಪಾಲಾಗಿ ನಾಶವಾಯಿತು. ಉಳಿದದ್ದು ಬೆರಳೆಣಿಕೆಯ ಪ್ರತಿಗಳು. ಯೆಹೂದಿಗಳನ್ನು ಕೊಲ್ಲುತ್ತಲೇ ಅವರ ಗ್ರಂಥಗಳನ್ನು ತಮ್ಮ 'ಸಂಶೋಧನೆ'ಗೆಂದು ದೋಚುವ ಒಂದು ಇಲಾಖೆಯನ್ನೇ ನಾಜಿಗಳು ಇಟ್ಟಿದ್ದರು. ವಿಲ್ನಾದಲ್ಲಿ ಯೀವೊ ಸಂಗ್ರಹವನ್ನು ವಿಂಗಡಿಸಲು ಆ ಇಲಾಖೆ ಯೆಹೂದಿ ಕವಿಗಳನ್ನೂ ಪಂಡಿತರನ್ನೂ ಬಲವಂತವಾಗಿ ದುಡಿಸಿತು. ಆಯ್ದದ್ದು ಜರ್ಮನಿಗೆ, ಮಿಕ್ಕದ್ದು ಕಾಗದದ ಗಿರಣಿಗೆ. ಅಬ್ರಹಾಂ ಸುಟ್ಸ್‌ಕೇವರ್, ಶ್ಮೆರ್ಕೆ ಕಚೆರ್ಗಿನ್‌ಸ್ಕಿ, ಹರ್ಮನ್ ಕ್ರುಕ್ ಮೊದಲಾದವರು ಪ್ರಾಣದ ಹಂಗು ತೊರೆದು ಬಟ್ಟೆಯೊಳಗೆ ಹಾಳೆಗಳನ್ನು ಬಚ್ಚಿಟ್ಟು ಸಾಗಿಸಿ, ನೆಲದಡಿಯಲ್ಲಿ ಹುದುಗಿಸಿದರು. ಕ್ರುಕ್ 1944ರಲ್ಲಿ ಎಸ್ಟೋನಿಯಾದಲ್ಲಿ ಹತನಾದ. ಯುದ್ಧಾನಂತರ ಸೋವಿಯತ್ ಆಡಳಿತದಲ್ಲಿ ಉಳಿದ ಕಾಗದಗಳಿಗೆ ಮತ್ತೆ ಗಂಡಾಂತರ ಒದಗಿದಾಗ, ಆಂಟಾನಾಸ್ ಉಲ್ಪಿಸ್ ಎಂಬ ಲಿಥುವೇನಿಯಾದ ಗ್ರಂಥಪಾಲಕ ಹಳೆಯ ಚರ್ಚೊಂದರಲ್ಲಿ ಅವನ್ನು ಮರೆಮಾಡಿ ಕಾಪಾಡಿದ. ಆತ ಯೆಹೂದಿಯಲ್ಲ ಎಂಬುದು ಇಲ್ಲಿ ಸ್ಮರಣೀಯ.

ಜರ್ಮನಿಗೆ ಒಯ್ದ ಗ್ರಂಥಗಳನ್ನು ಅಮೆರಿಕದ ಸೇನೆ 1946ರಿಂದ ಆಫನ್‌ಬಾಖ್ ಪಟ್ಟಣದ ಕಟ್ಟಡವೊಂದರಲ್ಲಿ ಕೂಡಿಹಾಕಿತು. ಅಲ್ಲಿ 30 ಲಕ್ಷಕ್ಕೂ ಹೆಚ್ಚು ಗ್ರಂಥ ಮತ್ತು ದಾಖಲೆಗಳನ್ನು ಮುದ್ರೆ, ಸಹಿಗಳ ಜಾಡು ಹಿಡಿದು ವಿಂಗಡಿಸಿದರು. ವಿಲ್ನಾದಿಂದ ದೋಚಿದ್ದು ನ್ಯೂಯಾರ್ಕಿಗೆ ಸ್ಥಳಾಂತರಗೊಂಡಿದ್ದ ಯೀವೊ ಸಂಸ್ಥೆಗೆ 1947ರಲ್ಲಿ ಮರಳಿತು. ಅದೇ ವರ್ಷದ ಬೇಸಿಗೆಯಲ್ಲಿ ಜೆರುಸಲೇಮಿನಲ್ಲಿ ಯೆಹೂದಿ ಅಧ್ಯಯನದ ಮೊದಲ ವಿಶ್ವಸಮ್ಮೇಳನ ಸೇರಿತು. ಯೂರೋಪಿನ ವಿದ್ಯಾಕೇಂದ್ರಗಳು ಬೂದಿಯಾಗಿದ್ದವು. ಗುರುಗಳೂ ಶಿಷ್ಯರೂ ಹತರಾಗಿದ್ದರು. ಉಳಿದವರು ಒಬ್ಬರನ್ನೊಬ್ಬರು ಕಂಡು, ಯಾವುದು ಉಳಿದಿದೆ, ಯಾವುದನ್ನು ಮೊದಲಿನಿಂದ ಕಟ್ಟಬೇಕು ಎಂದು ವಿಚಾರಿಸಬೇಕಾಗಿದ್ದ ಸಭೆ ಅದು. ಎರಡನೆಯ ಸಮ್ಮೇಳನ 1957ರಲ್ಲಿ ನಡೆಯಿತು. ಅಲ್ಲಿಂದ ನಾಲ್ಕು ವರ್ಷಗಳಿಗೊಮ್ಮೆ ಸೇರುವುದು ರೂಢಿಯಾಯಿತು.

ಸಭೆಗಳ ಬೆನ್ನಿಗೇ ಸಾಧನಗಳೂ ಬಂದವು. ಜಗತ್ತಿನ ಎಲ್ಲ ಹೀಬ್ರೂ ಹಸ್ತಪ್ರತಿಗಳನ್ನು ಮೈಕ್ರೋಫಿಲ್ಮಿನಲ್ಲಿ ಇಳಿಸಿ ಒಂದೆಡೆ ಇಡುವ ಸಂಸ್ಥೆ 1950ರಲ್ಲಿ ಇಸ್ರೇಲಿನಲ್ಲಿ ಆರಂಭವಾಯಿತು. ಸುಟ್ಟುಹೋದದ್ದನ್ನು ಕಣ್ಣಾರೆ ಕಂಡ ತಲೆಮಾರಿಗೆ ಪ್ರತಿ ತೆಗೆದಿಡುವುದು ರಕ್ಷಣೆಯ ಮೊದಲ ಹೆಜ್ಜೆಯಾಗಿ ತೋರಿದ್ದು ಸಹಜ. ವಿದ್ವತ್ಪತ್ರಿಕೆಗಳ ಲೇಖನಗಳ ಸೂಚಿ 1966ರಿಂದ ಜೆರುಸಲೇಮಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಸಿದ್ಧವಾಗತೊಡಗಿತು. ಅಮೆರಿಕದ ವಿದ್ವಾಂಸರು 1969ರಲ್ಲಿ ಬ್ರಾಂಡೈಸ್ ವಿಶ್ವವಿದ್ಯಾಲಯದಲ್ಲಿ ಸೇರಿ ತಮ್ಮ ಸಂಘವನ್ನು ಸ್ಥಾಪಿಸಿದರು. ಯೂರೋಪಿನವರ ಸಂಘ 1981ರಲ್ಲಿ ರೂಪುಗೊಂಡಿತು.

ಇಂಥ ಸಾಧನ ಮತ್ತು ಕೂಟಗಳಿಂದ ಏನು ಫಲ ಎಂಬುದಕ್ಕೆ ಕನ್ನಡ ಕರಾವಳಿಯಲ್ಲಿಯೇ ಉತ್ತಮ ನಿದರ್ಶನವಿದೆ. ಗೆನಿಜಾ ಪತ್ರಗಳ ಅಧ್ಯಯನಕ್ಕೆ ಬಾಳನ್ನೇ ಮುಡಿಪಿಟ್ಟ ಎಸ್. ಡಿ. ಗೊಯ್ಟೈನ್ (1900-1985) ಅವುಗಳಲ್ಲಿ ಹಿಂದೂ ಮಹಾಸಾಗರದ ವರ್ತಕರ ಪತ್ರಗಳನ್ನು ಬೇರ್ಪಡಿಸಿದರು. ಅವರಲ್ಲೊಬ್ಬ ಟ್ಯುನೀಷಿಯಾ ಮೂಲದ ಅಬ್ರಹಾಂ ಬೆನ್ ಯಿಜು. 1132ರಿಂದ 1149ರವರೆಗಿನ ಬಹುಕಾಲವನ್ನು ಆತ ಮಂಗಳೂರಿನ ಸೀಮೆಯಲ್ಲಿ ಕಳೆದ. ಕಂಚಿನ ಪಾತ್ರೆಗಳ ಕಾರ್ಖಾನೆ ನಡೆಸಿದ. ಏಡನ್ನಿಗೆ ಅಡಿಕೆ, ಮೆಣಸು, ಕಬ್ಬಿಣ ಕಳಿಸಿದ. ಅಲ್ಲಿಯ ಗೆಳೆಯರಿಂದ ಬರೆಯುವ ಕಾಗದವನ್ನು ತರಿಸಿಕೊಂಡ. ಆಶು ಎಂಬ ದಾಸಿಯನ್ನು ಆತ ಬಿಡುಗಡೆ ಮಾಡಿದ ಪತ್ರ 1132ರ ಅಕ್ಟೋಬರಿನಲ್ಲಿ ಮಂಗಳೂರಿನಲ್ಲಿ ಬರೆದದ್ದು. ಅದು ಸೇರಿದ್ದು ಸೇಂಟ್ ಪೀಟರ್ಸ್‌ಬರ್ಗಿನ ಸಂಗ್ರಹಕ್ಕೆ. ಆತನ ಇತರ ಪತ್ರಗಳು ಹೆಚ್ಚಾಗಿ ಕೇಂಬ್ರಿಜ್ಜಿನಲ್ಲಿವೆ. ಸೂಚಿಗಳಿಲ್ಲದಿದ್ದರೆ ಇವೆರಡೂ ಒಬ್ಬನೇ ಮನುಷ್ಯನ ಬಾಳಿನವೆಂದು ತಿಳಿಯುತ್ತಲೇ ಇರಲಿಲ್ಲ.

ಆ ಪತ್ರಗಳಲ್ಲಿ ಬೆನ್ ಯಿಜುವಿನ ಪರವಾಗಿ ಏಡನ್ನಿಗೆ ಹೋಗಿ ವ್ಯವಹರಿಸುತ್ತಿದ್ದ ಆಳೊಬ್ಬನಿದ್ದಾನೆ. ಹೀಬ್ರೂ ಲಿಪಿಯಲ್ಲಿ ಬರೆದ ಆತನ ಹೆಸರನ್ನು ಸ್ವರಗಳ ಗುರುತಿಲ್ಲದ್ದರಿಂದ ಹೇಗೆ ಉಚ್ಚರಿಸಬೇಕೆಂಬುದು ಯೂರೋಪಿನ ಪಂಡಿತರಿಗೆ ಬಗೆಹರಿಯದಿತ್ತು. ಕಾದಂಬರಿಕಾರ ಅಮಿತಾವ ಘೋಷ್ ಅದರ ಬೆನ್ನು ಹತ್ತಿ ಮಂಗಳೂರಿಗೆ ಬಂದಾಗ, ತುಳು-ಕನ್ನಡ ವಿದ್ವಾಂಸ ಬಿ. ಎ. ವಿವೇಕ ರೈ ಅವರ ನೆರವಿನಿಂದ ಅದು ಈ ನೆಲಕ್ಕೆ ಪರಿಚಿತವಾದ 'ಬೊಮ್ಮ' ಎಂಬ ಹೆಸರೆಂದು ಮನಗಂಡರು. 1992ರಲ್ಲಿ ಪ್ರಕಟವಾದ ಅವರ ಗ್ರಂಥದಲ್ಲಿ ಈ ವೃತ್ತಾಂತವಿದೆ. ಹೀಬ್ರೂ ಬಲ್ಲವರಿಗೆ ಅಕ್ಷರ ತಿಳಿದಿತ್ತು, ತುಳುನಾಡನ್ನು ಬಲ್ಲವರಿಗೆ ಹೆಸರು ತಿಳಿದಿತ್ತು. ಇಬ್ಬರ ಅರಿವೂ ಕೂಡಿದಾಗ ಎಂಟು ಶತಮಾನಗಳ ಹಿಂದಿನ ಒಬ್ಬ ಮನುಷ್ಯ ತನ್ನ ಹೆಸರನ್ನು ಮರಳಿ ಪಡೆದ.

ಈಗ ಗೆನಿಜಾದ ತುಣುಕುಗಳ ಚಿತ್ರಗಳನ್ನು ಗಣಕಯಂತ್ರಗಳು ಹೋಲಿಸಿ, ದೂರದೇಶಗಳಲ್ಲಿರುವ ಅರ್ಧಗಳನ್ನು ಜೋಡಿಸಲು ನೆರವಾಗುತ್ತಿವೆ. ನ್ಯೂಯಾರ್ಕಿನಲ್ಲಿಯೂ ವಿಲ್ನಾದಲ್ಲಿಯೂ ಹಂಚಿಹೋಗಿರುವ ಯೀವೊ ಸಂಗ್ರಹದ ಸುಮಾರು 40 ಲಕ್ಷ ಪುಟಗಳು 2022ರ ಹೊತ್ತಿಗೆ ಚಿತ್ರರೂಪದಲ್ಲಿ ಒಂದಾದವು. ಕಾಗದಗಳು ಇದ್ದಲ್ಲಿಯೇ ಇವೆ, ಓದುಗನ ಕಣ್ಣಿಗೆ ಮಾತ್ರ ಒಂದಾಗಿವೆ. ಒಂದು ಜ್ಞಾನಶಾಖೆ ಬದುಕುವುದು ಮೇಧಾವಿಗಳ ಮಹಾಗ್ರಂಥಗಳಿಂದ ಮಾತ್ರವಲ್ಲ. ಸೂಚಿ ಬರೆದವನು, ಹಾಳೆ ಬಚ್ಚಿಟ್ಟವನು, ಪ್ರತಿ ತೆಗೆದವನು, ದೂರದಿಂದ ಬಂದವನ ಪಕ್ಕದಲ್ಲಿ ಕುಳಿತು ಒಂದು ಹೆಸರನ್ನು ಓದಿಕೊಟ್ಟವನು, ಇವರೆಲ್ಲರ ಶ್ರಮದಿಂದ ಅದು ಉಳಿಯುತ್ತದೆ. ಪ್ರಷ್ಯಾದ ಸರ್ಕಾರ ತ್ಸುನ್ಸ್‌ಗೆ ನಿರಾಕರಿಸಿದ್ದು ಒಂದು ಪೀಠವನ್ನು. ಅವನ ಹಾದಿಯಲ್ಲಿ ನಡೆದವರು ಕಟ್ಟಿದ್ದು ಯಾವ ಸರ್ಕಾರವೂ ಪೂರ್ತಿಯಾಗಿ ಅಳಿಸಲಾರದ ಒಂದು ಪರಂಪರೆಯನ್ನು.