ಕುತ್ತಿಗೆಯ ಕ್ಷೌರ: ಗಾಯ ಮತ್ತು ಉರಿ ತಡೆಗಟ್ಟುವ ಕ್ರಮಗಳು

ಕುತ್ತಿಗೆಯ ಚರ್ಮವು ಸಡಿಲವಾಗಿದ್ದು, ಅಲ್ಲಿನ ಕೂದಲು ಬೇರೆ ಬೇರೆ ದಿಕ್ಕಿಗೆ ಬೆಳೆಯುತ್ತದೆ. ಆದ್ದರಿಂದ ಕ್ಷೌರದ ವೇಳೆ ಇಲ್ಲಿ ಗಾಯ, ಉರಿ ಹಾಗೂ ಗುಳ್ಳೆಗಳು ಉಂಟಾಗುವ ಸಂಭವ ಹೆಚ್ಚು. ಸಾರ್ವಜನಿಕರು ಈ ಕೆಳಕಂಡ ಕ್ರಮಗಳನ್ನು ಅನುಸರಿಸುವುದು:

1. ಬೆರಳಾಡಿಸಿ ಕೂದಲು ಬೆಳೆಯುವ ದಿಕ್ಕನ್ನು ಮೊದಲೇ ಗುರುತಿಸಿಕೊಳ್ಳುವುದು.
2. ಉಗುರುಬೆಚ್ಚಗಿನ ನೀರಿನಿಂದ 2-3 ನಿಮಿಷ ನೆನೆಸಿ, ಕೂದಲು ಮೃದುವಾದ ನಂತರ ನೊರೆ ಹಚ್ಚುವುದು.
3. ಕೂದಲು ಬೆಳೆಯುವ ದಿಕ್ಕಿನಲ್ಲಿಯೇ, ಒತ್ತದೆ, ಸ್ವಲ್ಪ ಸ್ವಲ್ಪವಾಗಿ ಕ್ಷೌರ ಮಾಡುವುದು. ಚರ್ಮವನ್ನು ಬಿಗಿಯಾಗಿ ಎಳೆದು ಹಿಡಿದಲ್ಲಿ ಕತ್ತರಿಸಿದ ಕೂದಲು ಚರ್ಮದೊಳಗೇ ಬೆಳೆದು ಗುಳ್ಳೆಗಳಾಗುತ್ತವೆ.
4. ಬ್ಲೇಡನ್ನು ಆಗಾಗ್ಗೆ ತೊಳೆಯುವುದು. 5ರಿಂದ 7 ಬಾರಿ ಬಳಸಿದ ನಂತರ ಬದಲಾಯಿಸುವುದು.
5. ಗಾಯವಾದಲ್ಲಿ ನೀರಿನಿಂದ ತೊಳೆದು, ಶುಭ್ರವಾದ ಬಟ್ಟೆಯಿಂದ ಕೆಲವು ನಿಮಿಷ ಒತ್ತಿ ಹಿಡಿಯುವುದು.
6. ಗುಳ್ಳೆಗಳಿದ್ದಲ್ಲಿ ಅವು ವಾಸಿಯಾಗುವವರೆಗೆ ಕ್ಷೌರ ಮಾಡದಿರುವುದು.

ವಿಶೇಷ ಸೂಚನೆ: ಒಬ್ಬರು ಬಳಸಿದ ಬ್ಲೇಡ್ ಅಥವಾ ಪಟಿಕವನ್ನು ಮತ್ತೊಬ್ಬರು ಬಳಸಕೂಡದು. ಕಣ್ಣಿಗೆ ಕಾಣದಷ್ಟು ರಕ್ತದಿಂದಲೂ ಹೆಪಟೈಟಿಸ್-ಬಿ ಹರಡಬಹುದು. ಈ ವೈರಾಣು ದೇಹದ ಹೊರಗೆ ಕನಿಷ್ಠ 7 ದಿನ ಉಳಿಯಬಲ್ಲದು. ಕ್ಷೌರದಂಗಡಿಯಲ್ಲಿ ತಮ್ಮ ಎದುರಿನಲ್ಲಿಯೇ ಹೊಸ ಬ್ಲೇಡ್ ಹಾಕುವಂತೆ ಕೇಳಿಕೊಳ್ಳುವುದು.

ಕೀವು, ಊತ ಅಥವಾ ಜ್ವರ ಕಂಡುಬಂದಲ್ಲಿ ಕೂಡಲೇ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸಂಪರ್ಕಿಸುವುದು.